ಪರದೆ ಕೊಂಡಾಯಿತು, ಕರಾರು ಎಲ್ಲಿ?

ಆಷಾಢದಲ್ಲಿ ಮದುವೆ ಫೋಟೋಗ್ರಾಫರನ ಲೆನ್ಸಿಗೆ ಬೂಷ್ಟು ಹಿಡಿಯುತ್ತದೆ, ಪಿತೃಪಕ್ಷದಲ್ಲಿ ಜೇಬಿಗೆ. ಧನುರ್ಮಾಸದಲ್ಲೂ ಮುಹೂರ್ತ ನೋಡದೆ ಬರುವುದು ಕ್ಯಾಮೆರಾ ಸಾಲದ ಕಂತು ಒಂದೇ. ಪ್ರೀ-ವೆಡ್ಡಿಂಗ್ ಇದೆಯಲ್ಲ ಎಂದಿರಾ? ಅದರ ರಸವನ್ನು ಆಗಲೇ ಹಿಂಡಿಯಾಗಿದೆ. ನಂದಿಬೆಟ್ಟದ ಮಂಜು ಮುಗಿಯಿತು, ಹಂಪಿಯ ಕಲ್ಲು ಮುಗಿಯಿತು. 2024ರ ಫೆಬ್ರುವರಿಯಲ್ಲಿ ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲೇ ಭಾವಿ ವಧೂವರರು ಸುಳ್ಳು ಸರ್ಜರಿ ಮಾಡಿ ಶೂಟಿಂಗ್ ನಡೆಸಿದರು. ಗುತ್ತಿಗೆ ವೈದ್ಯನಾಗಿದ್ದ ವರ ಹಸೆಮಣೆ ಏರುವ ಮೊದಲೇ ಕೆಲಸ ಕಳೆದುಕೊಂಡ. ಅದಕ್ಕಿಂತ ಮೇಲೆ ಹೋಗಲು ಇನ್ನೆಲ್ಲಿ ಜಾಗ?

ಇಂಥ ಬರಗಾಲದಲ್ಲಿ ಬೆಂಗಳೂರಿನ ನಮ್ಮ ಛಾಯಾಗ್ರಾಹಕ ಮಹಾಶಯನಿಗೆ ಜ್ಞಾನೋದಯವಾಗುತ್ತದೆ. ಬೂಡ್ವಾರ್ ಫೋಟೋಗ್ರಫಿ! ಹೆಣ್ಣೊಬ್ಬಳು ಮಲಗುವ ಕೋಣೆಯ ಏಕಾಂತದಲ್ಲಿ, ಒಳ ಉಡುಪಿನಲ್ಲೋ ಬರೀ ಬೆಡ್‌ಶೀಟಿನಲ್ಲೋ, ತನಗಾಗಿ ಅಥವಾ ತನ್ನವನಿಗಾಗಿ ತೆಗೆಸಿಕೊಳ್ಳುವ ಚಿತ್ರಗಳು. ವಾಲಗ ಬೇಡ, ಡ್ರೋನ್ ಬೇಡ, ಪಂಕ್ತಿಯಲ್ಲಿ ಹೋಳಿಗೆ ಬಾಯಿಗಿಟ್ಟ ಸೋದರಮಾವನನ್ನು ಹಿಡಿಯಬೇಕಿಲ್ಲ. ಒಂದು ಕಿಟಕಿ, ಒಂದು ಮಂಚ ಸಾಕು. ಮುಖ್ಯವಾಗಿ, ಆಷಾಢದಲ್ಲೂ ನಡೆಯುತ್ತದೆ.

ಮರುದಿನವೇ ಖರೀದಿ. 85 ಎಂಎಂ ಲೆನ್ಸು, ಸಾಫ್ಟ್‌ಬಾಕ್ಸು, ವೈನ್ ಬಣ್ಣದ ಸ್ಯಾಟಿನ್ ಪರದೆ. ವಾರಾಂತ್ಯಕ್ಕೊಂದು ವರ್ಕ್‌ಶಾಪ್. ಅಲ್ಲಿ ಗುರುಗಳು ಕಲಿಸುವುದೆಲ್ಲ ನಿಜವೇ: ಕಿಟಕಿಯ ಬೆಳಕು ಪಕ್ಕದಿಂದ ಬೀಳಲಿ, ಬೆನ್ನು ಕಮಾನಾಗಲಿ, ಗಲ್ಲ ತುಸು ಮುಂದೆ ಬರಲಿ, ವೈಡ್ ಲೆನ್ಸು ಹಿಡಿದು ಹತ್ತಿರ ಹೋದರೆ ಮುಂದಿರುವ ಮೊಣಕಾಲು ಕುಂಬಳಕಾಯಿ ಆದೀತು. ಎದುರಿಗಿರುವವಳು ಚಳಿಗೆ ನಡುಗುತ್ತಿದ್ದಾಳೋ ಭಯಕ್ಕೋ ಎಂದು ಗುರುತಿಸುವ ಪಾಠ ಮಾತ್ರ ಸಿಲಬಸ್ಸಿನಲ್ಲಿಲ್ಲ. ಕೂದಲು ಸರಿಪಡಿಸಬೇಕಾದರೆ ಬಾಯಲ್ಲಿ ಹೇಳು, ಕೈ ಚಾಚಬೇಡ ಎಂಬುದೂ ಇಲ್ಲ. ಕೋಣೆಯಲ್ಲಿ ಇನ್ನೊಬ್ಬ ಹೆಂಗಸು, ಮೇಕಪ್ಪಿನವಳೋ ಅವಳ ಗೆಳತಿಯೋ, ಇರಲಿ ಎಂದರೆ ನಮ್ಮ ಮಹಾಶಯ, ‘ಅಯ್ಯೋ, ಮೂಡ್ ಹೋಗುತ್ತೆ’ ಎನ್ನುತ್ತಾನೆ. ಯಾರ ಮೂಡು ಎಂದು ಕೇಳಿದವರಿಲ್ಲ.

ಈ ಕಲೆಯ ಹಿರಿಯಜ್ಜಿಯೊಬ್ಬಳಿದ್ದಳು. ಪ್ಯಾರಿಸ್ಸಿನ ಕಾಂಟೆಸ್ ಡಿ ಕಾಸ್ಟಿಲಿಯೋನೆ. 1856ರಿಂದ ಸುಮಾರು 40 ವರ್ಷಗಳ ಅವಧಿಯಲ್ಲಿ ಪಿಯೆರ್-ಲೂಯಿ ಪಿಯರ್ಸನ್ ಎಂಬ ಫೋಟೋಗ್ರಾಫರನಿಂದ 400ಕ್ಕೂ ಹೆಚ್ಚು ಚಿತ್ರ ತೆಗೆಸಿಕೊಂಡವಳು. ಆ ಕಾಲಕ್ಕೆ ಬರಿಗಾಲು ತೋರಿಸುವುದೇ ದೊಡ್ಡ ಸುದ್ದಿ, ಅದನ್ನೂ ತೆಗೆಸಿದಳು. ಉಡುಗೆ ಅವಳದು, ಭಂಗಿ ಅವಳದು, ಕ್ಯಾಮೆರಾ ಎಲ್ಲಿ ನಿಲ್ಲಬೇಕೆಂಬ ಅಪ್ಪಣೆಯೂ ಅವಳದೇ. ಪಿಯರ್ಸನ್ ಹೇಳಿದ್ದಷ್ಟು ಮಾಡಿ ಬಿಲ್ಲು ಕಳಿಸುತ್ತಿದ್ದ. ನಮ್ಮವನು ಒಂದೂವರೆ ಶತಮಾನ ಮುಂದಿದ್ದಾನಲ್ಲ, ಮಂಚ, ಭಂಗಿ, ಕೊನೆಗೆ ಚಿತ್ರ ಎಲ್ಲವೂ ತನ್ನದೇ ‘ವಿಷನ್’ ಎನ್ನುತ್ತಾನೆ.

ಆದರೆ ಹೊಸಬನಿಗೆ ಗಿರಾಕಿ ಎಲ್ಲಿಂದ ಬರಬೇಕು? ಅದಕ್ಕೇ ಉಚಿತ ಶೂಟು. ‘ಪೋರ್ಟ್‌ಫೋಲಿಯೋಗೆ ಬೇಕಿತ್ತು, ನಿಮ್ಮಿಂದ ಒಂದು ಪೈಸೆ ತಗೊಳ್ಳಲ್ಲ ಮೇಡಂ.’ ಈ ಔದಾರ್ಯದ ಒಳಗುಟ್ಟು 1957ರ ಕಾಪಿರೈಟ್ ಕಾಯ್ದೆಯ 17ನೇ ಕಲಮಿನಲ್ಲಿದೆ. ನೀವು ಹಣ ಕೊಟ್ಟು ತೆಗೆಸಿಕೊಂಡ ಫೋಟೋಗೆ, ಬೇರೆ ಒಪ್ಪಂದ ಮಾಡಿಕೊಂಡಿಲ್ಲವಾದರೆ, ನೀವೇ ಮೊದಲ ಒಡೆಯರು. ಫೋಟೋಗ್ರಾಫರನಲ್ಲ. ಪುಕ್ಕಟೆ ತೆಗೆಸಿಕೊಂಡಿರೋ, ಆ ಆಸರೆ ಕೈಜಾರುತ್ತದೆ. ಹಣ ಕೊಟ್ಟವರಿಗೂ ಉಪಾಯವುಂಟು: ಫಾರ್ಮಿನ ಕೊನೆಯ ಪುಟದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ ‘ಪ್ರಚಾರಕ್ಕೆ ಬಳಸಲು ಒಪ್ಪಿದ್ದೇನೆ’ ಎಂದಿರುತ್ತದೆ. ಮೇಕಪ್ ಒಣಗುವ ಮೊದಲು ಸಹಿ ಆಗಿರುತ್ತದೆ.

ಅಲ್ಲಿಂದ ಇನ್‌ಸ್ಟಾಗ್ರಾಂ. ಚಿತ್ರದ ಕೆಳಗೆ ಸಾಲು: ‘ನೀನು ಇದ್ದಂತೆಯೇ ಸುಂದರಿ. ನಿನ್ನ ದೇಹ, ನಿನ್ನ ಹೆಮ್ಮೆ.’ ಇದನ್ನು ಬರೆಯುವ ಮೊದಲು ಫೋಟೋಶಾಪಿನ ಲಿಕ್ವಿಫೈನಲ್ಲಿ ಅವಳ ಸೊಂಟವನ್ನು ಎರಡೂ ಕಡೆಯಿಂದ ಒಳಕ್ಕೆ ತಳ್ಳಿಯಾಗಿದೆ, ಸಿಸೇರಿಯನ್ ಗೆರೆಯನ್ನು ಅಳಿಸಿಯಾಗಿದೆ, ತೊಡೆಗೆ ಪಿಂಗಾಣಿಯ ನುಣುಪು ಬಂದಿದೆ. ಇದ್ದಂತೆಯೇ ಸುಂದರಿ ಆದವಳನ್ನು ಇಲ್ಲದಂತೆ ಮಾಡಿ ಕೊಡುವ ಈ ಸಬಲೀಕರಣಕ್ಕೆ ಪ್ಯಾಕೇಜುಗಳೂ ಉಂಟು. ಸಿಲ್ವರ್ ಸಬಲೀಕರಣ, ಗೋಲ್ಡ್ ಸಬಲೀಕರಣ, ಆಲ್ಬಂ ಸಹಿತ ಪ್ಲಾಟಿನಂ ಸಬಲೀಕರಣ.

ಇನ್ನು ಹಾರ್ಡ್‌ಡಿಸ್ಕು. ‘ಎಲ್ಲಾ ಡಿಲೀಟ್ ಮಾಡಿದ್ದೀನಿ ಮೇಡಂ’ ಎಂದು ನಮ್ಮವನು ಪ್ರಾಮಾಣಿಕವಾಗಿಯೇ ಹೇಳುತ್ತಾನೆ. ಪಾಪ, ಮೆಮೊರಿ ಕಾರ್ಡನ್ನು ಸುಮ್ಮನೆ ಫಾರ್ಮ್ಯಾಟ್ ಮಾಡಿದರೆ ಅಳಿಯುವುದು ವಿಷಯಸೂಚಿ ಮಾತ್ರ, ಮೇಲೆ ಹೊಸದು ಬರೆಯುವ ತನಕ ಚಿತ್ರಗಳು ಒಳಗೇ ಕೂತಿರುತ್ತವೆ, ಪುಕ್ಕಟೆ ಸಾಫ್ಟ್‌ವೇರಿಗೂ ಮೇಲೆತ್ತಲು ಬರುತ್ತದೆ ಎಂಬುದು ಅವನಿಗೇ ತಿಳಿದಿಲ್ಲ. ಮದುವೆ ಆಲ್ಬಂ ಡಿಸೈನ್ ಮಾಡುವ ಹುಡುಗನ ಪೆನ್‌ಡ್ರೈವಿಗೂ ಇದೇ ಫೋಲ್ಡರು ಹೋಗಿರುತ್ತದೆ, ಮುಹೂರ್ತದ ಫೋಟೋಗಳ ಪಕ್ಕದಲ್ಲೇ. 2008ರಲ್ಲಿ ಹಾಂಗ್‌ಕಾಂಗ್‌ನ ನಟ ಎಡಿಸನ್ ಚೆನ್ ರಿಪೇರಿಗೆ ಕೊಟ್ಟ ಕಂಪ್ಯೂಟರಿನಿಂದ ಖಾಸಗಿ ಚಿತ್ರಗಳು ಊರು ತುಂಬ ಹರಡಿದವು. ಅವನು ಕ್ಷಮೆ ಕೇಳಿ ಸ್ವಲ್ಪ ಕಾಲ ದೂರ ಉಳಿದು ಮರಳಿದ. ಚಿತ್ರದಲ್ಲಿದ್ದ ನಟಿಯರು ತೆತ್ತ ಬೆಲೆ ಬೇರೆ.

ಇಷ್ಟು ಓದಿ ‘ನಮ್ಮ ಸಂಸ್ಕೃತಿ’ ಎಂದು ಗಂಟಲು ಸರಿಪಡಿಸಿಕೊಳ್ಳುತ್ತಿರುವ ಹಿರಿಯರು ದಯವಿಟ್ಟು ಕೂತಿರಿ. ಹೆಣ್ಣು ತನ್ನ ಚಿತ್ರ ತೆಗೆಸಿಕೊಳ್ಳುವುದರಲ್ಲಿ ನನಗೆ ತಕರಾರಿಲ್ಲ. ಇದನ್ನು ಅಚ್ಚುಕಟ್ಟಾಗಿ ಮಾಡುವವರೂ ಇದ್ದಾರೆ: ಮೊದಲು ಮಾತಾಡಿ, ಕಾಗದ ಓದಿಸಿ, ಆಮೇಲಷ್ಟೇ ಕ್ಯಾಮೆರಾ ತೆಗೆಯುವವರು. ಅವರ ಪೇಜಿನಲ್ಲಿ ಹೆಚ್ಚು ಚಿತ್ರಗಳಿರುವುದಿಲ್ಲ, ಗಿರಾಕಿಗಳು ಒಪ್ಪಿಲ್ಲವಾದ್ದರಿಂದ. ಅದೇ ಅವರ ಜಾಹೀರಾತು.

ಮಹಾಶಯನಿಗೆ ಕಾನೂನಿನ ಒಂದು ಮಾತು. ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಮಿನ ಪ್ರಕಾರ, ಇಂಥ ಖಾಸಗಿ ಚಿತ್ರ ತೆಗೆಯಲು ಅವಳು ಒಪ್ಪಿದ್ದರೂ, ಹಂಚಲು ಒಪ್ಪದಿದ್ದಾಗ ಹಂಚಿದರೆ ಅಪರಾಧ. ಮೊದಲ ಸಲಕ್ಕೇ 1ರಿಂದ 3 ವರ್ಷ ಜೈಲು.

ತೆಗೆಸಿಕೊಳ್ಳಲು ಹೊರಟ ಅಕ್ಕಂದಿರೇ, ಅಡ್ವಾನ್ಸ್ ಕೊಡುವ ಮೊದಲು ಕೇಳಿ: ಎಡಿಟ್ ಮಾಡುವವರು ಯಾರು, ಫೈಲು ಎಲ್ಲಿರುತ್ತದೆ, ಯಾವತ್ತು ಅಳಿಯುತ್ತದೆ. ಬರೆದು ಕೊಡಿ ಎನ್ನಿ. ‘ಯಾಕೆ ಮೇಡಂ, ನಂಬಿಕೆ ಇಲ್ವಾ?’ ಎಂದನೋ, ಇಲ್ಲ ಎಂದು ಹೇಳಿ ಚಪ್ಪಲಿ ಹಾಕಿಕೊಂಡು ಹೊರಡಿ.