ರಾಜಕಾರಣಿಯ ಮುಖ ನೋಡಿ ರಾಜ್ಯಕ್ಕೆ ಮಾರ್ಕು ಹಾಕುವ ಯಂತ್ರ: ಬಳಕೆದಾರರ ಕೈಪಿಡಿ

ಯಂತ್ರ ಕೊಂಡಿದ್ದಕ್ಕೆ ಅಭಿನಂದನೆ. ಇದನ್ನು ನಡೆಸಲು ಒಂದು ಟಿವಿ, ಒಬ್ಬ ಮಂತ್ರಿ ಮತ್ತು ಒಂದು ಗಡಿ ಬೇಕು. ಗಡಿ ಹತ್ತಿರವಿದ್ದಷ್ಟೂ ಫಲಿತಾಂಶ ಬಿಸಿಬಿಸಿಯಾಗಿ ಬರುತ್ತದೆ. ಆದರೆ ಅದನ್ನು ದಾಟಬಾರದು. ಕರ್ನಾಟಕದ ಕಾಗವಾಡ ಬಿಟ್ಟು ಮಹಾರಾಷ್ಟ್ರದ ಮಿರಜದ ದಾರಿ ಹಿಡಿದ ಗಿರಾಕಿಗೆ ವಾರಂಟಿ ಇಲ್ಲ.

ಮೊದಲು ತಕ್ಕ ರಾಜಕಾರಣಿಯನ್ನು ಹುಡುಕಿ. 2019ರ ಆಗಸ್ಟ್ ಒಳ್ಳೆಯ ಸುಗ್ಗಿ. ಕೃಷ್ಣೆ ಸಾಂಗ್ಲಿಯ ಬೀದಿಗಳಿಗೆ ನುಗ್ಗಿದ್ದಾಗ ಮಹಾರಾಷ್ಟ್ರದ ಸಚಿವರೊಬ್ಬರು ನೆರೆ ನೋಡಲು ಹೊರಟ ದೋಣಿಯಲ್ಲಿ ಕೂತು ಕ್ಯಾಮೆರಾದತ್ತ ನಗುತ್ತಾ ಕೈಬೀಸಿದ ವಿಡಿಯೊ ಊರೆಲ್ಲಾ ಓಡಾಡಿತು. ಅದನ್ನು ಯಂತ್ರಕ್ಕೆ ಹಾಕಿ, ಗುಂಡಿ ಒತ್ತಿ. ‘ಈ ರಾಜ್ಯದವರಿಗೆ ಕರುಳಿಲ್ಲ’ ಎಂದು ಚೀಟಿ ಬರುತ್ತದೆ. ಎದೆಮಟ್ಟದ ನೀರಲ್ಲಿ ಪಕ್ಕದ ಮನೆಯ ಮುದುಕರನ್ನು ಎತ್ತಿ ತಂದವರೂ ಅದೇ ರಾಜ್ಯದವರು. ಅವರು ವೋಟು ಕೇಳಿದವರಲ್ಲ, ಆದ್ದರಿಂದ ಯಂತ್ರಕ್ಕೆ ಕಾಣಿಸುವುದಿಲ್ಲ.

ಇದೇ ಸಾಂಗ್ಲಿ ಜಿಲ್ಲೆಯ ತಾಸಗಾಂವ ಕಡೆಯ ಆರ್.ಆರ್. ಪಾಟೀಲರನ್ನು ಹಾಕುವಾಗ ಜಾಗ್ರತೆ. 2008ರ ಮುಂಬೈ ದಾಳಿಯ ಬಳಿಕ ಆಡಿದ ಒಂದು ಹಗುರ ಮಾತಿಗೆ ಅವರು ಗೃಹಖಾತೆ ಕಳೆದುಕೊಂಡರು. ಆ ತುಂಡು ಮಾತ್ರ ಹಾಕಿ. ಗ್ರಾಮೀಣಾಭಿವೃದ್ಧಿ ಸಚಿವರಾಗಿದ್ದಾಗ ಗಾಡಗೆ ಬಾಬಾ ಹೆಸರಿನ ಸ್ವಚ್ಛತಾ ಅಭಿಯಾನ ನಡೆಸಿ ಹಳ್ಳಿಹಳ್ಳಿಯ ಕೈಗೆ ಪೊರಕೆ ಕೊಟ್ಟವರೂ ಅವರೇ. ಅದನ್ನೂ ಸೇರಿಸಿದರೆ ಮುಳ್ಳು ನಡುವೆ ಸಿಕ್ಕಿಕೊಂಡು ಒದ್ದಾಡುತ್ತದೆ.

ಯಂತ್ರವನ್ನು ಎಂದಿಗೂ ನಮ್ಮ ಕಡೆ ತಿರುಗಿಸಬೇಡಿ. 2012ರ ಫೆಬ್ರವರಿಯಲ್ಲಿ ಸದನದೊಳಗೆ ಮೊಬೈಲಿನಲ್ಲಿ ಅಶ್ಲೀಲ ವಿಡಿಯೊ ನೋಡಿದ ಆರೋಪದಿಂದ ಕರ್ನಾಟಕದ ಮೂವರು ಸಚಿವರು ರಾಜೀನಾಮೆ ಕೊಟ್ಟರು. 2019ರ ಜುಲೈಯಲ್ಲಿ ನಮ್ಮ ಅತೃಪ್ತ ಶಾಸಕರು ಮುಂಬೈಯ ಪೊವೈ ಹೋಟೆಲಿನೊಳಗೆ, ಅವರನ್ನು ಕರೆತರಲು ಹೋದ ಡಿ.ಕೆ. ಶಿವಕುಮಾರ್ ಹೋಟೆಲಿನ ಹೊರಗೆ. 2022ರ ಜೂನ್‌ನಲ್ಲಿ ಶಿವಸೇನೆಯ ಶಾಸಕರು ಸೂರತ್, ಅಲ್ಲಿಂದ ಗುವಾಹಟಿ. ಪರರಾಜ್ಯದ ಹೋಟೆಲುಗಳಿಗೆ ವ್ಯಾಪಾರ ಒದಗಿಸುವುದರಲ್ಲಿ ಇಬ್ಬರೂ ಉದಾರಿಗಳು. ಎರಡೂ ರಾಜ್ಯಕ್ಕೆ ಒಂದೇ ಮಾರ್ಕು ಬಂದರೆ ಪ್ಲಗ್ ಕಿತ್ತು ಮತ್ತೆ ಹಾಕಿ.

ಮಳೆಗಾಲದಲ್ಲಿ ವಿಶೇಷ ಮೋಡ್ ಇದೆ. ನೆರೆ ಬಂದರೆ ಸಾಂಗ್ಲಿಯ ಗಿರಾಕಿ ‘ಆಲಮಟ್ಟಿ’ ಗುಂಡಿ ಒತ್ತಲಿ, ಚಿಕ್ಕೋಡಿ-ಅಥಣಿಯವರು ‘ಕೊಯ್ನಾ’ ಒತ್ತಲಿ. ಬೇಸಿಗೆಯಲ್ಲಿ ಅದೇ ಕೊಯ್ನಾ ಅಣೆಕಟ್ಟಿನಿಂದ ನೀರು ಬಿಡಿ ಎಂದು ಬೆಂಗಳೂರು ಮುಂಬೈಗೆ ಪತ್ರ ಬರೆಯುವಾಗ ಯಂತ್ರಕ್ಕೆ ಬಟ್ಟೆ ಮುಚ್ಚಿ. ಆಲಮಟ್ಟಿ ಅಣೆಕಟ್ಟನ್ನು 519.6 ಮೀಟರಿನಿಂದ 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲೇ ಒಪ್ಪಿದೆ, ಮಹಾರಾಷ್ಟ್ರ ಒಪ್ಪುತ್ತಿಲ್ಲ. ಹಾಗಾಗಿ ಈ ಗುಂಡಿಗಳು ಸದ್ಯಕ್ಕೆ ಸವೆಯುವುದಿಲ್ಲ.

ಈಗ ಜತ್ತ. ಸಾಂಗ್ಲಿ ಜಿಲ್ಲೆಯ ಈ ತಾಲ್ಲೂಕಿನಲ್ಲಿ ಕನ್ನಡ ಮನೆಮಾತಾದ ಹಳ್ಳಿಗಳು ಬೇಕಾದಷ್ಟಿವೆ, ಇಲ್ಲದ್ದು ನೀರು. ಬೇಸತ್ತ ಹಳ್ಳಿಗಳು 2012ರಲ್ಲಿ ‘ನಮ್ಮನ್ನು ಕರ್ನಾಟಕಕ್ಕೆ ಸೇರಿಸಿ’ ಎಂದು ಠರಾವು ಮಾಡಿದವು. ಹತ್ತು ವರ್ಷ ಯಾರಿಗೂ ನೆನಪಾಗಲಿಲ್ಲ. 2022ರ ನವೆಂಬರಿನಲ್ಲಿ ನಮ್ಮ ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ನಲವತ್ತು ಹಳ್ಳಿಗಳ ಮಾತೆತ್ತಿದರು, ಒಂದು ಹಳ್ಳಿಯೂ ಹೋಗದು ಎಂದರು ಮಹಾರಾಷ್ಟ್ರದ ಆಗಿನ ಉಪಮುಖ್ಯಮಂತ್ರಿ ದೇವೇಂದ್ರ ಫಡಣವೀಸ್. ಡಿಸೆಂಬರಿನಲ್ಲಿ ಪುಣೆಯಲ್ಲಿ ಕರ್ನಾಟಕದ ಬಸ್ಸಿಗೆ ಮಸಿ, ಹಿರೇಬಾಗೇವಾಡಿ ಟೋಲಿನಲ್ಲಿ ಮಹಾರಾಷ್ಟ್ರದ ಲಾರಿಗೆ ಕಲ್ಲು. ಇಬ್ಬರು ನಾಯಕರದೂ ಒಂದೇ ಪಕ್ಷ. ಡಿಸೆಂಬರ್ 14ರಂದು ದೆಹಲಿಯಲ್ಲಿ ಅಮಿತ್ ಶಾ ಎರಡೂ ರಾಜ್ಯಗಳ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತಾಡಿಸಿದರು. ಜಗಳದಿಂದ ಆದ ಒಂದೇ ಲಾಭವೆಂದರೆ ಜತ್ತಕ್ಕೆ ನೀರೆತ್ತುವ ಮ್ಹೈಸಾಳ ಯೋಜನೆಯ ಹೆಸರು ಮುಂಬೈಯವರ ಬಾಯಲ್ಲಿ ಮತ್ತೆ ಬಂತು. ಹಳ್ಳಿಯವರು ಕೇಳಿದ್ದು ನೀರನ್ನು, ಯಂತ್ರ ಅಳೆದದ್ದು ಅಭಿಮಾನವನ್ನು.

ಮಿರಜದಲ್ಲಿ ರೈಲು ಇಳಿದರೆ ಯಂತ್ರ ಪೂರಾ ಕೆಡುತ್ತದೆ, ಇದು ತಯಾರಿಕೆಯ ದೋಷವಲ್ಲ. 1894ರಲ್ಲಿ ವಿಲಿಯಂ ವಾನ್ಲೆಸ್ ಇಲ್ಲಿ ಮಿಷನ್ ದವಾಖಾನೆ ತೆರೆದ ಮೇಲೆ ಊರೇ ದವಾಖಾನೆಗಳ ಊರಾಯಿತು; ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ರೋಗಿಗಳು ಇಂದಿಗೂ ‘ಮಿರಜಿಗೆ ತೋರಿಸಿಕೊಂಡು ಬರ್ತೀವ್ರಿ’ ಎಂದು ಹೊರಡುತ್ತಾರೆ. ಹಿಂದೆ ಆಯುಧ ಸಾಣೆ ಹಿಡಿಯುತ್ತಿದ್ದ ಶಿಕಲಗಾರ ಮನೆತನಗಳು ಪಂಢರಪುರದ ಕಡೆಯ ಸೋರೆಬುರುಡೆ ತಂದು ತಂಬೂರಿ ಮಾಡುತ್ತವೆ. ಇಲ್ಲಿ ನೆಲೆಸಿದ ಗಾಯಕ ಅಬ್ದುಲ್ ಕರೀಂ ಖಾನರು ಹಾಡುಗಾರಿಕೆ ಕಲಿಸಿದ್ದು ಕುಂದಗೋಳದ ಸವಾಯಿ ಗಂಧರ್ವರಿಗೆ. ಸವಾಯಿ ಗಂಧರ್ವರಿಂದ ಕಲಿತವರು ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿ. ಅತ್ತ ಸಾಂಗ್ಲಿಯಲ್ಲಿ 1843ರಲ್ಲಿ ವಿಷ್ಣುದಾಸ ಭಾವೆ ಆಡಿಸಿದ ‘ಸೀತಾ ಸ್ವಯಂವರ’ದಿಂದ ಮರಾಠಿ ರಂಗಭೂಮಿ ಶುರುವಾಯಿತೆನ್ನುತ್ತಾರೆ. ಅದಕ್ಕೆ ಪ್ರೇರಣೆ ಕರ್ನಾಟಕದಿಂದ ಬಂದ ಭಾಗವತರ ಮೇಳ. ಇವಕ್ಕೆಲ್ಲ ಯಂತ್ರದಲ್ಲಿ ಗುಂಡಿಯೇ ಇಲ್ಲ.

ಯಂತ್ರವನ್ನು ಅಂಗಡಿಯವರು ವಾಪಸು ತೆಗೆದುಕೊಳ್ಳುವುದಿಲ್ಲ. ಗಡಿ ದಾವೆ 2004ರಿಂದ ಸುಪ್ರೀಂ ಕೋರ್ಟಿನಲ್ಲಿದೆ, ಅದರ ತೀರ್ಪಿಗೆ ಕಾಯಲೂ ಬೇಕಿಲ್ಲ. ಮುಂದಿನ ಸಲ ಯಾರಾದರೂ ಗಡಿಯಲ್ಲಿ ನಿಂತು ಮೀಸೆ ತಿರುವಿದರೆ, ಅವರು ಯಾವ ಕಡೆಯವರೇ ಆಗಲಿ, ಜತ್ತದ ಕೊನೆಯ ಹಳ್ಳಿಗೆ ನೀರು ಮುಟ್ಟಿತೇ ಎಂದು ಕೇಳಿ. ಉತ್ತರ ಸಿಕ್ಕರೆ ಮಾರ್ಕು ಅವರಿಗೆ ಹಾಕಿ, ರಾಜ್ಯಕ್ಕಲ್ಲ.