ತೊಳೆದಿಟ್ಟರೆ ಇನ್ನೊಂದು ತಿಂಗಳು ಬಾರದೆ?

"ಅಲ್ಲಮ್ಮಾ, ನಿನ್ನ ಮಗಳ ಹಲ್ಲಿನ ಆ ಪ್ಲಾಸ್ಟಿಕ್ ಕವಚ ಎರಡು ವಾರಕ್ಕೊಂದು ಬದಲಾಗತ್ತಂತೆ? ನಿನ್ನೆ ನೋಡಿದೆ, ಹೊಸದರ ಹಾಗೇ ಇತ್ತು. ತೊಳೆದಿಟ್ಟರೆ ಇನ್ನೊಂದು ತಿಂಗಳು ಬಾರದೆ?"

ಕಾಂಪೌಂಡಿನ ಆಚೆ ದಾಸವಾಳ ಕೀಳುತ್ತಾ ಮೇಷ್ಟ್ರು ಕೇಳಿದರು. ಐಸ್‌ಕ್ರೀಂ ಡಬ್ಬದಲ್ಲಿ ತೊಗರಿಬೇಳೆ, ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯ ಇಡುವ ಮನೆ ಅವರದು. ಅಂಥವರ ಎದುರು ಹಲ್ಲು ನೇರ ಮಾಡುವ ಈ ಅಲೈನರ್ ಪರ ವಕಾಲತ್ತು ವಹಿಸುವುದು ಸುಲಭವೇ?

"ನೋಡೋಕೆ ಚೆನ್ನಾಗೇ ಇರತ್ತೆ ಮೇಷ್ಟ್ರೇ, ಆದರೆ ಕಸುವು ಹೋಗಿರತ್ತೆ," ಅಂದೆ.

ಪ್ರತಿ ಸೆಟ್ಟಿಗೂ ಅಚ್ಚು ಹಾಕುವುದು ಹಲ್ಲು ಈಗಿರುವ ಜಾಗಕ್ಕಲ್ಲ, ಮುಂದೆ ಹೋಗಬೇಕಾದ ಜಾಗಕ್ಕೆ. ಸೆಟ್ಟಿನಿಂದ ಸೆಟ್ಟಿಗೆ ವ್ಯತ್ಯಾಸ ಕಾಲು ಮಿಲಿಮೀಟರ್ ಆಸುಪಾಸು. ಮುಕ್ಕಾಲು ಮಿಲಿಮೀಟರ್ ದಪ್ಪದ ಹಾಳೆಯಿಂದ ಮಾಡಿದ ಆ ಕವಚ ಹಲ್ಲಿನ ಮೇಲೆ ಕೂತಾಗ ಕೊಂಚ ಬಾಗುತ್ತದೆ, ತನ್ನ ಆಕಾರಕ್ಕೆ ಮರಳಲು ಒತ್ತುತ್ತದೆ. ಆ ಒತ್ತಡಕ್ಕೆ ಹಲ್ಲು ಸರಿಯುತ್ತದೆ.

"ಬಾಗಿಸಿದಷ್ಟು ಬಲ. ಹುಕ್ಕನ ನಿಯಮ!" ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು.

"ಅದು ಉಕ್ಕಿನ ಸ್ಪ್ರಿಂಗಿಗಾಯ್ತು. ಈ ಪ್ಲಾಸ್ಟಿಕ್ಕನ್ನ ಬಾಗಿಸಿ ಹಾಗೇ ಹಿಡಿದಿಟ್ಟರೆ ಒತ್ತೋ ಬಲ ತಾನಾಗೇ ಇಳಿಯುತ್ತಾ ಹೋಗತ್ತೆ. ದೊಡ್ಡ ಇಳಿತ ಮೊದಲ ದಿನವೇ."

"ಹಳೇ ಪೈಜಾಮದ ಎಲಾಸ್ಟಿಕ್ಕು ಅನ್ನು."

ಅನ್ನಲೇಬೇಕಾಯಿತು. ಬಾಯಿ ಬೇರೆ ಎಂಥ ಜಾಗ! ಸದಾ ಬೆಚ್ಚಗೆ, ಸದಾ ಒದ್ದೆ. ಪಾಲಿಯುರೆಥೇನ್ ಆಗಲಿ, ನೀರಿನ ಬಾಟಲಿಯ ಪ್ಲಾಸ್ಟಿಕ್ಕಿನ ಕುಲದ ಪಿಇಟಿಜಿ ಆಗಲಿ, ಅಲ್ಲಿ ಒಂದಿಷ್ಟು ನೀರು ಹೀರಿಕೊಂಡು ಮೆತ್ತಗಾಗುತ್ತದೆ. ರಾತ್ರಿ ಹಲ್ಲು ಕಡಿಯುವವರಾದರೆ ದವಡೆ ಹಲ್ಲಿನ ಮೇಲೆ ಸವೆದು ತೂತೇ ಬೀಳಬಹುದು. 1997ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ, ಇನ್ವಿಸಲೈನ್ ಅಲೈನರ್ ತಯಾರಿಸುವ ಕಂಪನಿ ಮೊದಲು ಒಂದೇ ಪದರದ ಪ್ಲಾಸ್ಟಿಕ್ ಬಳಸುತ್ತಿತ್ತು. 2013ರಲ್ಲಿ ಹಲವು ಪದರದ ಸ್ಮಾರ್ಟ್‌ಟ್ರ್ಯಾಕ್‌ಗೆ ಬದಲಾಯಿಸಿದ್ದು ಈ ಬಲ ಇನ್ನಷ್ಟು ಹೊತ್ತು ಒಂದೇ ಸಮ ಉಳಿಯಲಿ ಎಂದೇ. ಬಲ ಇಳಿಯುವುದೇನೂ ನಿಲ್ಲಲಿಲ್ಲ.

ಮೇಷ್ಟ್ರು ಬಿಡುತ್ತಾರೆಯೇ? "ಮೊದಲ ದಿನವೇ ಕಸುವು ಹೋಗತ್ತೆ ಅಂದಮೇಲೆ ಎರಡು ವಾರ ಯಾಕೆ ಇಟ್ಕೋಬೇಕು? ಮೂರನೇ ದಿನಕ್ಕೇ ಬದಲಾಯಿಸಿ, ಬೇಗ ಮುಗಿಯತ್ತೆ."

ಪ್ರಶ್ನೆ ಸರಿಯಾಗಿಯೇ ಇದೆ. ಆದರೆ ಅವಸರ ಪ್ಲಾಸ್ಟಿಕ್ಕಿಗಿದ್ದರೂ ಮೂಳೆಗಿಲ್ಲ. ಹಲ್ಲಿನ ಒಂದು ಬದಿಯ ಮೂಳೆ ಕರಗಿ, ಇನ್ನೊಂದು ಬದಿಯಲ್ಲಿ ಕಟ್ಟಬೇಕು; ಅಳಿದುಳಿದ ಸಣ್ಣ ಬಲದಲ್ಲೇ ಆ ಕೆಲಸ ಸಾಗುತ್ತದೆ. ಅದಕ್ಕೇ ದಿನಕ್ಕೆ 20ರಿಂದ 22 ಗಂಟೆ ಹಾಕಿರಬೇಕು. ವಾರಕ್ಕೊಂದು ಬದಲಾಯಿಸಿ ಎನ್ನುವ ಡಾಕ್ಟರುಗಳೂ ಇದ್ದಾರೆ, ಅದು ಅವರವರ ಹಲ್ಲು ನೋಡಿ ಹೇಳುವ ಮಾತು.

ನಮ್ಮ ಮನೆಗಳಲ್ಲಿ ಕಷ್ಟ ಬರುವುದು ಉಳಿದ ಆ ಎರಡರಿಂದ ನಾಲ್ಕು ಗಂಟೆಯಲ್ಲಿ. ತಿಂಡಿ, ಊಟ, ಸಂಜೆ ಚಕ್ಕುಲಿ, ಮಧ್ಯೆ ಮಧ್ಯೆ ಕಾಫಿ. ಪ್ರತಿಸಲವೂ ತೆಗೆಯಬೇಕು, ತೊಳೆಯಬೇಕು, ಹಾಕಬೇಕು. ಉಗುರು ಸಿಕ್ಕಿಸಿ ಒಂದೇ ಕಡೆಯಿಂದ ಎಳೆದರೆ ಸೀಳು ಬಿಡುತ್ತದೆ. ಹಿಂದಿನ ದವಡೆ ಹಲ್ಲಿನ ಒಳಬದಿಯಿಂದ, ಎರಡೂ ಕಡೆ ಸಡಿಲಿಸಿಕೊಂಡು ತೆಗೆಯಬೇಕು. ಟೂತ್‌ಪೇಸ್ಟ್ ಹಾಕಿ ಉಜ್ಜಿದರೆ ಗೀರು, ಗೀರಿನಲ್ಲಿ ಕೊಳೆ. ಬಿಸಿನೀರಿಗೆ ಹಾಕಿದರೆ ಆಕಾರವೇ ಕೆಡುತ್ತದೆ. ಸೋಮಾರಿತನಕ್ಕೆ ಹಾಕಿಕೊಂಡೇ ಫಿಲ್ಟರ್ ಕಾಫಿ ಕುಡಿದರೆ ಕಂದು, ಅರಿಶಿನದ ಸಾರು ಕುಡಿದರೆ ಹಳದಿ. ಯಾರಿಗೂ ಕಾಣಬಾರದೆಂದು ದುಬಾರಿ ಬೆಲೆ ಕೊಟ್ಟು ತಂದದ್ದು ಆಗ ಮದುವೆ ಫೋಟೋದಲ್ಲಿ ಮೊದಲು ಕಾಣುತ್ತದೆ.

ಮದುವೆ ಅಂದಾಗ ನೆನಪಾಯಿತು. ಛತ್ರದ ಊಟ ಈ ಸಾಮಾನಿಗೆ ಬಹಳ ಅಪಾಯ. ಟಿಶ್ಯೂ ಪೇಪರಿನಲ್ಲಿ ಸುತ್ತಿ ಎಲೆಯ ಪಕ್ಕ ಇಟ್ಟರೆ, ಪಾಯಸ ಮುಗಿಯುವಷ್ಟರಲ್ಲಿ ಎಲೆಯೊಂದಿಗೇ ಮಡಚಿಕೊಂಡು ತೊಟ್ಟಿ ಸೇರಿರುತ್ತದೆ. ಹಾಗೆ ಕಳೆದರೆ ಮಧ್ಯಂತರಕ್ಕೆ ಇರಲಿ ಎಂದು ಹಿಂದಿನ ಸೆಟ್ಟನ್ನು ಇಟ್ಟುಕೊಳ್ಳಲು ಡಾಕ್ಟರೇ ಹೇಳುತ್ತಾರೆ.

"ನೋಡಿದೆಯಾ! ಹಳೇದನ್ನ ಎಸೀಬಾರದು ಅಂತ ನಾನು ಹೇಳಿದ್ದೂ ಅದೇ." ಮೇಷ್ಟ್ರ ಮುಖ ಅರಳಿತು.

ಪೂರ್ತಿ ಸೋಲಬಾರದೆಂದು ರಿಟೇನರ್ ವಿಷಯ ತೆಗೆದೆ. ಚಿಕಿತ್ಸೆ ಮುಗಿದ ಮೇಲೂ ಸರಿದ ಹಲ್ಲು ಹಳೆಯ ಜಾಗಕ್ಕೆ ವಾಪಸಾಗದಂತೆ ರಾತ್ರಿ ಹೊತ್ತು ಹಾಕಿಕೊಳ್ಳುವ ಕವಚ ಅದು. ನೋಡಲು ಅಲೈನರ್ ಥರವೇ, ಆದರೆ ಅದು ಹಲ್ಲನ್ನು ತಳ್ಳಬೇಕಿಲ್ಲ, ಹಿಡಿದಿಟ್ಟರೆ ಸಾಕು. ಹಾಗಾಗಿ ತಿಂಗಳುಗಟ್ಟಲೆ ಬಾಳುತ್ತದೆ. ಸೀಳು ಬಿಟ್ಟಾಗ, ಸಡಿಲವಾದಾಗ ಹೊಸದು. ಮೇಷ್ಟ್ರ ಜಿಪುಣತನಕ್ಕೆ ಜಾಗವಿದ್ದರೆ ಅಲ್ಲಿ.

"ಅದಿರಲಿ," ಎಂದು ಹೂವಿನ ಬುಟ್ಟಿ ಗೋಡೆಯ ಮೇಲಿಟ್ಟರು, "ಮೇಲೊಂದು ಕೆಳಗೊಂದು, ಇಂಥ ಹತ್ತಾರು ಸೆಟ್ಟು. ಎಲ್ಲಾ ಮುಗಿದ ಮೇಲೆ ಯಾವ ಬುಟ್ಟಿಗೆ ಹಾಕ್ತೀಯ?"

"ಒಣ ಕಸ ಮೇಷ್ಟ್ರೇ, ಪ್ಲಾಸ್ಟಿಕ್ಕಲ್ಲವಾ."

"ಎರಡು ವಾರ ಎಂಜಲಲ್ಲಿ ನೆನೆದದ್ದು ಒಣ ಕಸ ಹೇಗಾಗತ್ತೆ? ಗಾಡಿಯವನು ಒಪ್ಪಲ್ಲ, ನೋಡ್ತಿರು."