ಚಿಲ್ಲರೆ ಫ್ರೇಮಿನ ಲೆಕ್ಕ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಮಾತನ್ನು ಪರದೆಯ ಕೆಳಗೆ ಅಕ್ಷರವಾಗಿ ಇಳಿಸಲು ಕುಳಿತವನಿಗೆ ಮೊದಲು ಎದುರಾಗುವುದು ಭಾಷೆಯಲ್ಲ, ಸೆಟ್ಟಿಂಗ್ಸ್.

ಏಜಿಸಬ್, ಸಬ್‌ಟೈಟಲ್ ಎಡಿಟ್ ಎರಡೂ ದುಡ್ಡು ಕೇಳದ ತಂತ್ರಾಂಶಗಳು. ಪ್ರಶ್ನೆ ಕೇಳುವುದನ್ನು ಮಾತ್ರ ಬಿಡುವುದಿಲ್ಲ. ಸೆಕೆಂಡಿಗೆ ಎಷ್ಟು ಫ್ರೇಮು? ಸಿನಿಮಾಕ್ಕೆ 24, ನಮ್ಮ ಟೀವಿಗೆ 25 ಎಂದರೆ ಮುಗಿಯಿತೇ? ಪಟ್ಟಿಯಲ್ಲಿ 23.976, 29.97 ಎಂಬ ಚಿಲ್ಲರೆಗಳೂ ಇವೆ. 1953ರಲ್ಲಿ ಅಮೆರಿಕದವರು ಟೀವಿಗೆ ಬಣ್ಣ ತುಂಬುವಾಗ, ಬಣ್ಣದ ಸಂಕೇತ ಧ್ವನಿಗೆ ಅಡ್ಡ ಬಾರದಿರಲೆಂದು 30ರಲ್ಲಿ ಸಾವಿರಕ್ಕೊಂದು ಪಾಲು ಕತ್ತರಿಸಿದರು. ಅದರ ಕಂದಾಯವನ್ನು ಜೇವರ್ಗಿಯ ಲಗ್ನದ ವಿಡಿಯೊದವರು ಇಂದಿಗೂ ಕಟ್ಟುತ್ತಿದ್ದಾರೆ!

24ರ ಚಿತ್ರ 25ರ ವೇಗದಲ್ಲಿ ಓಡಿದರೆ ಒಂದು ಗಂಟೆಯ ಕಥೆ 57 ನಿಮಿಷ 36 ಸೆಕೆಂಡಿಗೇ ಮುಗಿಯುತ್ತದೆ. ಹಳೆಯ ಸಬ್‌ಟೈಟಲ್ ತನ್ನ ಪಾಡಿಗೆ ಬರುತ್ತಿರುತ್ತದೆ: ನಾಯಕಿ ಮುನಿಸಿಕೊಂಡು ಎದ್ದು ಹೋದ ಎರಡು ನಿಮಿಷದ ಮೇಲೆ 'ಚಾ ಕುಡೀತಿಯೇನ್?'

ಮುಂದಿನದು ಎನ್‌ಕೋಡಿಂಗ್. ಯುಟಿಎಫ್-8 ಆರಿಸಬೇಕು. ಸಂಭಾಷಣೆಯನ್ನು ಹಳೆಯ 'ನುಡಿ' ತಂತ್ರಾಂಶದ ಆಸ್ಕಿಯಲ್ಲಿ ಟೈಪು ಮಾಡಿ ತಂದಿದ್ದರೆ ಯುನಿಕೋಡ್‌ಗೆ ಬದಲಿಸದೆ ಗತಿಯಿಲ್ಲ. ಇಲ್ಲವಾದರೆ ಅಪ್ಪನ ಬೈಗುಳವೆಲ್ಲ ತಲೆಮೇಲೆ ಕೊಂಬು ಮೂಡಿದ ರೋಮನ್ ಅಕ್ಷರಗಳಾಗಿ ಕಾಣಿಸಿಕೊಳ್ಳುತ್ತದೆ.

ಕೊನೆಗೆ ಸಾಲಿನ ಅಳತೆ. ಇಂಗ್ಲಿಷಿಗೆ ನೆಟ್‌ಫ್ಲಿಕ್ಸ್ ಸಾಲಿಗೆ 42 ಅಕ್ಷರ ಎನ್ನುತ್ತದೆ. ಕನ್ನಡದ 'ಸ್ತ್ರೀ' ಕಣ್ಣಿಗೆ ಒಂದೇ ಅಕ್ಷರ, ಯುನಿಕೋಡ್ ಲೆಕ್ಕದಲ್ಲಿ ಆರು. ಎರಡು ಸಾಲು ಮೀರಬಾರದೆಂಬ ರೂಢಿ ಬೇರೆ. ಅಫಜಲಪುರದ ಅತ್ತೆ ಒಂದೇ ಉಸಿರಿಗೆ ಆಡಿದ್ದನ್ನು ಅಷ್ಟರಲ್ಲಿ ಹಿಡಿಸುವ ಗುಂಡಿ ಯಾವ ಮೆನುವಿನಲ್ಲೂ ಇಲ್ಲ.